ಗೇಟಿನ ಕಣ್ಣಿಗೆ ಪಟ್ಟಿ ಕಟ್ಟಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ತಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ತಮ್ಮ ಮನೆಯ ಮೋಟಾರು ಗೇಟಿನ ಕಷ್ಟವನ್ನು ತೋಡಿಕೊಂಡಿದ್ದರು. ಗೇಟು ಅರ್ಧಕ್ಕೆ ಬಂದು ನಿಲ್ಲುತ್ತದೆ, ಹಿಂದಕ್ಕೆ ಸರಿಯುತ್ತದೆ, ಮಳೆಯಲ್ಲಿ ಕಾರಿನಿಂದಿಳಿದು ತಾವೇ ತಳ್ಳಬೇಕಾಗುತ್ತದೆ. ಕೊನೆಗೆ ರಿಪೇರಿಯವನು, ದಾರಿಗೆ ಅಡ್ಡ ಬಂದವರನ್ನು ಗುರುತಿಸಿ ಗೇಟನ್ನು ತಡೆಯುವ ಸೆನ್ಸರನ್ನೇ ಕಿತ್ತು ಹಾಕಿದ ಮೇಲೆ ನೆಮ್ಮದಿಯಾಯಿತು, ಎಲ್ಲರೂ ಹೀಗೆಯೇ ಮಾಡಿಸಿಕೊಳ್ಳಬಹುದು ಎಂದು ಬರೆದಿದ್ದರು. ಮಳೆಯಲ್ಲಿ ನೆನೆದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಲಹೆ ಅಪಾಯಕಾರಿ. ಅದನ್ನು ಓದಿ ನಾಲ್ಕು ಜನ ಅನುಸರಿಸುವ ಮೊದಲು ಈ ಪತ್ರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಉದ್ದವಾಗಿದೆ, ಕತ್ತರಿಸುವುದಿದ್ದರೆ ಅಮೆರಿಕದ ಭಾಗವನ್ನು ಕತ್ತರಿಸಿ, ರಂಗೋಲಿಯ ಭಾಗವನ್ನು ಉಳಿಸಿ.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಎಂಜಿನಿಯರ್ ಅಲ್ಲ. ಮೋಟಾರು ಬಾಗಿಲಿನ ಪಾಠವಾದದ್ದು ಹೋದ ವರ್ಷ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರದ ನನ್ನ ಮಗನ ಮನೆಯಲ್ಲಿ. ನಮ್ಮಲ್ಲಿ ಗ್ಯಾರೇಜ್ ಎಂದರೆ ಸ್ಕೂಟರ್ ರಿಪೇರಿಯ ಅಂಗಡಿ. ಅಲ್ಲಿ ಅದು ಮನೆಗೆ ಅಂಟಿಕೊಂಡಿರುವ ಕಾರಿನ ಕೊಟ್ಟಿಗೆ. ಹದಿನಾರು ಅಡಿ ಅಗಲದ ಬಾಗಿಲು ಹಲಗೆ ಹಲಗೆಯಾಗಿ ಮಡಿಸಿಕೊಂಡು ಹಳಿಯ ಮೇಲೆ ಛಾವಣಿಯ ಕೆಳಕ್ಕೆ ಸೇರುತ್ತದೆ. ಅದರ ಭಾರವನ್ನು ಹೊರುವುದು ಮೋಟಾರಲ್ಲ, ಬಾಗಿಲಿನ ಮೇಲೆ ಅಡ್ಡಲಾಗಿ ಕೂತ ದಪ್ಪ ಸ್ಪ್ರಿಂಗು. ಆ ಸ್ಪ್ರಿಂಗನ್ನು ಮಾತ್ರ ಮನೆಯವರು ಯಾರೂ ಮುಟ್ಟಕೂಡದು. ಬಿಗಿದು ಸುತ್ತಿದ ಉಕ್ಕು ಬಿಚ್ಚಿಕೊಂಡರೆ ಮೂಳೆ ಮುರಿಯುತ್ತದೆ. ಉಳಿದ ಎಷ್ಟೋ ತೊಂದರೆಗಳನ್ನು ನಾವೇ ಪತ್ತೆ ಮಾಡಬಹುದು.

ನಾನು ಹೋದದ್ದು ಜುಲೈನಲ್ಲಿ. ಬೇಸಿಗೆಯುದ್ದಕ್ಕೂ ಬಾಗಿಲು ಹೇಳಿದ ಮಾತು ಕೇಳಿಕೊಂಡು ಇತ್ತು. ಸೆಪ್ಟೆಂಬರ್ ಕೊನೆಯ ವಾರದಿಂದ ಹಠ ಹಿಡಿಯಿತು. ಸಂಜೆ ಮಗ ಕೆಲಸದಿಂದ ಬಂದು ಕಾರು ಒಳಗೆ ನಿಲ್ಲಿಸಿ ಗುಂಡಿ ಒತ್ತಿದರೆ ಬಾಗಿಲು ಒಂದು ಗೇಣು ಇಳಿಯುತ್ತಿತ್ತು, ಮತ್ತೆ ಮೇಲೇರುತ್ತಿತ್ತು, ಮೋಟಾರಿನ ದೀಪ ಹತ್ತು ಸಲ ಮಿಟುಕುತ್ತಿತ್ತು. ಮಗ ರಿಮೋಟಿನ ಬ್ಯಾಟರಿ ಬದಲಿಸಿದ. ರಿಮೋಟು ಕೆಟ್ಟಿದ್ದರೆ ಬಾಗಿಲು ಅಲುಗಾಡುವುದೇ ಇಲ್ಲವಲ್ಲ, ಇಲ್ಲಿ ಇಳಿದು ಹತ್ತುತ್ತಿದೆ ಎಂದೆ. ‘ಅಮ್ಮಾ, ಇದು ನಿನ್ನ ಲ್ಯಾಬ್ ಅಲ್ಲ’ ಎಂದ. ಎಂಟನೆಯ ತರಗತಿಯಲ್ಲಿ ನನ್ನ ಲ್ಯಾಬಿನ ಬೀಕರ್ ಒಡೆದವನು ಅವನೇ.

ಬಾಗಿಲಿನ ಎರಡೂ ಪಕ್ಕದ ಹಳಿಯ ಬುಡದಲ್ಲಿ, ನೆಲದಿಂದ ಆರು ಅಂಗುಲದೊಳಗೆ, ಬೆಂಕಿಪೊಟ್ಟಣದ ಗಾತ್ರದ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಕಳುಹಿಸುತ್ತದೆ, ಎದುರಿನದು ಸ್ವೀಕರಿಸುತ್ತದೆ. ಟಿ.ವಿ. ರಿಮೋಟಿನಲ್ಲಿರುವಂಥದ್ದೇ ಬೆಳಕು. ಕಿರಣದ ನಡುವೆ ಮಗುವೋ ಬೆಕ್ಕೋ ಬಂದರೆ ಕೊಂಡಿ ತಪ್ಪುತ್ತದೆ, ಬಾಗಿಲು ಇಳಿಯುವುದಿಲ್ಲ. ಮಗನ ಮನೆಯ ಯಂತ್ರದಲ್ಲಿ ಕಳುಹಿಸುವ ಪೆಟ್ಟಿಗೆಗೆ ಹಳದಿ ದೀಪ, ಸ್ವೀಕರಿಸುವುದಕ್ಕೆ ಹಸಿರು. ಹಳದಿ ಯಾವಾಗಲೂ ಉರಿಯುತ್ತಿರಬೇಕು; ಅದು ಆರಿದ್ದರೆ ವೈರು ತುಂಡಾಗಿದೆ ಅಥವಾ ಗೋಡೆಗೆ ಹೊಡೆದ ಪಿನ್ನು ವೈರಿನೊಳಕ್ಕೆ ಇಳಿದಿದೆ. ಹಸಿರು ಉರಿಯಬೇಕಾದರೆ ಎರಡು ಕಣ್ಣುಗಳು ನೇರ ನೋಡಿಕೊಳ್ಳುತ್ತಿರಬೇಕು. ಹಸಿರು ನಡುಗಿದರೂ ಬಾಗಿಲು ನಂಬುವುದಿಲ್ಲ. ನಾನು ಕುಕ್ಕರುಗಾಲಿನಲ್ಲಿ ಕೂತು ನೋಡಿದಾಗ ಹಳದಿ ನೆಟ್ಟಗಿತ್ತು, ಹಸಿರು ನಡುಗುತ್ತಿತ್ತು.

ಮೊದಲು ಗಾಜನ್ನು ಸೆರಗಿನ ತುದಿಯಿಂದ ಒರೆಸಿದೆ. ಜೇಡನ ಬಲೆಯಿತ್ತು, ತೆಗೆದೆ. ಮೊಮ್ಮಗನ ಸೈಕಲ್ ತಾಗಿ ಪೆಟ್ಟಿಗೆಯನ್ನು ಹಿಡಿದಿದ್ದ ಪಟ್ಟಿ ಸ್ವಲ್ಪ ಬಾಗಿತ್ತು, ನೇರ ಮಾಡಿದೆ. ಮರುದಿನ ಬೆಳಗ್ಗೆ ಬಾಗಿಲು ಮುಚ್ಚಿತು. ಗೆದ್ದೆ ಅಂದುಕೊಂಡೆ. ಸಂಜೆ ಮತ್ತೆ ಅದೇ ಕಥೆ. ಮಗ ಕಂಪನಿಯವರಿಗೆ ಫೋನು ಮಾಡಿದ. ಅವರು ಕಳಿಸಿದ ರಿಪೇರಿಯವನು ಬಂದದ್ದು ಬೆಳಗ್ಗೆ ಹತ್ತು ಗಂಟೆಗೆ. ಆರು ಸಲ ಮುಚ್ಚಿ ತೆರೆದು ತೋರಿಸಿದ, ಆರು ಸಲವೂ ಬಾಗಿಲು ಒಳ್ಳೆಯ ವಿದ್ಯಾರ್ಥಿಯ ಹಾಗೆ ನಡೆದುಕೊಂಡಿತು. ಬಂದುಹೋದ ಖರ್ಚು ತೆಗೆದುಕೊಂಡು ಹೊರಟ. ಪಕ್ಕದ ಮನೆಯವರ ಸಲಹೆ ಇನ್ನೂ ಸರಳ: ಎರಡು ಕಣ್ಣುಗಳನ್ನೂ ಬಿಚ್ಚಿ, ಎದುರುಬದುರಾಗಿ ಟೇಪು ಸುತ್ತಿ ಮೋಟಾರಿನ ಪಕ್ಕದಲ್ಲೇ ಮೇಲೆ ಕಟ್ಟಿಬಿಡಿ, ಆಮೇಲೆ ಯಾವ ಕಾಟವೂ ಇರುವುದಿಲ್ಲ. ತಮ್ಮ ಮನೆಯಲ್ಲಿ ಹಾಗೆಯೇ ಮಾಡಿದ್ದಾರಂತೆ. ಅವರ ಮನೆಯಲ್ಲಿ ಮೂರು ವರ್ಷದ ಮಗು ಇದೆ.

ಬೆಳಗ್ಗೆ ಇಲ್ಲದ ರೋಗ, ಸಂಜೆ ಮಾತ್ರ ಬರುತ್ತದೆ. ಜುಲೈನಲ್ಲಿ ಇಲ್ಲದ್ದು, ಅಕ್ಟೋಬರ್‌ನಲ್ಲಿ ಬಂದಿದೆ. ಮೋಡ ಕವಿದಿದ್ದ ಒಂದು ಮಂಗಳವಾರ ಸಂಜೆ ಬರಲೇ ಇಲ್ಲ. ಇಷ್ಟನ್ನು ಹಾಲಿನ ಲೆಕ್ಕದ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ಹತ್ತನೆಯ ದಿನ ಗುರುತುಗಳನ್ನು ನೋಡುತ್ತ ಕೂತಾಗ ನಗು ಬಂತು. ಮಗನ ಕೊಟ್ಟಿಗೆಯ ಬಾಗಿಲು ದಕ್ಷಿಣಕ್ಕೆ ಮುಖ ಮಾಡಿದೆ. ಸ್ವೀಕರಿಸುವ ಕಣ್ಣು ಪೂರ್ವದ ಪಕ್ಕದಲ್ಲಿದ್ದು ಪಶ್ಚಿಮಕ್ಕೆ ನೋಡುತ್ತದೆ. ಬೇಸಿಗೆಯಲ್ಲಿ ಸೂರ್ಯ ಪಶ್ಚಿಮಕ್ಕಿಂತ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಆಗ ಮನೆಯ ಗೋಡೆಯೇ ಮರೆ. ಸೆಪ್ಟೆಂಬರ್ 23ರ ಸುಮಾರಿಗೆ ನೇರ ಪಶ್ಚಿಮ. ಆಮೇಲೆ ದಿನದಿನಕ್ಕೆ ದಕ್ಷಿಣಕ್ಕೆ. ಸಂಜೆಯ ಓರೆ ಬಿಸಿಲು ತೆರೆದ ಬಾಗಿಲಿನಿಂದ ನುಗ್ಗಿ ನೇರವಾಗಿ ಆ ಕಣ್ಣಿಗೆ ಹೊಡೆಯುತ್ತಿತ್ತು. ಬಿಸಿಲಿನಲ್ಲೂ ಅವಕೆಂಪು ಇದೆ, ಬೇಕಾದಷ್ಟು. ಎದುರಿನ ಪುಟ್ಟ ದೀಪದ ಕಿರಣ ಅದರಲ್ಲಿ ಕರಗಿಹೋಗುತ್ತದೆ. ಎದುರಿನ ಲಾರಿಯ ಹೆಡ್‌ಲೈಟಿಗೆ ನಮಗೆ ರಸ್ತೆ ಕಾಣದಾಗುವ ಹಾಗೆಯೇ. ದಕ್ಷಿಣಾಯನವನ್ನು ಪಂಚಾಂಗದಲ್ಲಿ ಓದಿದ್ದೆ, ಬೋರ್ಡಿನ ಮೇಲೆ ಬರೆದಿದ್ದೆ, ಕಾರಿನ ಕೊಟ್ಟಿಗೆಯಲ್ಲಿ ನೋಡಿದ್ದು ಅದೇ ಮೊದಲು.

ಆ ಸಂಜೆ ಐದೂವರೆಗೆ ಕೊಡೆ ಹಿಡಿದುಕೊಂಡು ಪೂರ್ವದ ಹಳಿಯ ಹತ್ತಿರ ನಿಂತೆ. ಸೊಸೆ ‘ಅತ್ತೆ, ಮಳೆ ಇಲ್ಲವಲ್ಲ’ ಎಂದಳು. ಕೊಡೆಯ ನೆರಳು ಕಣ್ಣಿನ ಮೇಲೆ ಬೀಳುತ್ತಲೇ ಹಸಿರು ದೀಪ ನೆಟ್ಟಗೆ ನಿಂತಿತು. ಕೊಡೆ ಸರಿಸಿದರೆ ನಡುಕ. ಮೂರು ಸಲ ಮಾಡಿ ತೋರಿಸಿದೆ. ಅಡುಗೆಮನೆಯ ಕಾಗದದ ಸುರುಳಿ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯಿಂದ ನಾಲ್ಕು ಅಂಗುಲ ಕತ್ತರಿಸಿ ಕಣ್ಣಿಗೆ ಬಿಸಿಲಿನ ಮರೆಯ ಹಾಗೆ ತೊಡಿಸಿದೆವು, ಒಂದು ವಾರ ಅದರಲ್ಲೇ ನಡೆಯಿತು. ಭಾನುವಾರ ಮಗ ಮೋಟಾರಿನ ಪ್ಲಗ್ಗು ಕಿತ್ತು, ಎರಡು ಪೆಟ್ಟಿಗೆಗಳ ಜಾಗವನ್ನು ಅದಲುಬದಲು ಮಾಡಿದ. ಸ್ವೀಕರಿಸುವ ಕಣ್ಣು ಈಗ ಸೂರ್ಯನಿಗೆ ಬೆನ್ನು ಹಾಕಿ ಕೂತಿತು. ಹಾಗಾದರೆ ಬೆಳಗಿನ ಬಿಸಿಲು ಹೊಡೆಯುವುದಿಲ್ಲವೇ ಎಂದು ಜಾಣರು ಕೇಳಬಹುದು. ಪೂರ್ವಕ್ಕೆ ಪಕ್ಕದ ಮನೆಯ ಎತ್ತರದ ಬೇಲಿ ಇದೆ. ಟೇಪಿನವರ ಮನೆಯದೇ. ಅಷ್ಟು ಉಪಕಾರ ಅವರಿಂದಲೂ ಆಯಿತು.

ಈ ಪುಟ್ಟ ಪೆಟ್ಟಿಗೆಗಳು ಅಲ್ಲಿ ಸುಮ್ಮನೆ ಬಂದವಲ್ಲ. ಬಾಗಿಲಿನ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಬಂದವು. 1990ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಇಂಥ ಯಂತ್ರಗಳಲ್ಲಿ, ಅಡ್ಡಿ ತಾಗಿದ ಎರಡು ಸೆಕೆಂಡಿನೊಳಗೆ ಬಾಗಿಲು ಹಿಂದಿರುಗುವ ಏರ್ಪಾಡಿನ ಜೊತೆಗೆ ಎರಡನೆಯದೊಂದು ರಕ್ಷಣೆಯೂ ಇರಬೇಕೆಂದಾಯಿತು. ಹೆಚ್ಚಿನ ಮನೆಗಳಲ್ಲಿ ಆ ಎರಡನೆಯದೇ ಕಿರಣದ ಕಣ್ಣು. ಗೋಡೆಯ ಗುಂಡಿಯನ್ನು ಒತ್ತಿ ಹಿಡಿದೇ ಇದ್ದರೆ ಕಣ್ಣು ಕೆಟ್ಟಿದ್ದರೂ ಬಾಗಿಲು ಮುಚ್ಚುತ್ತದೆ, ಏಕೆಂದರೆ ಒತ್ತಿ ಹಿಡಿದವರು ಅಲ್ಲೇ ನಿಂತು ನೋಡುತ್ತಿರುತ್ತಾರೆ ಎಂಬ ಲೆಕ್ಕ. ಕಾರಿನಲ್ಲಿ ಕೂತು ರಿಮೋಟು ಒತ್ತಿದವರ ಮೇಲೆ ಆ ನಂಬಿಕೆ ಇಲ್ಲ. ನನಗೆ ಇದು ಬಹಳ ಹಿಡಿಸಿತು. ತಿಂಗಳಿಗೊಮ್ಮೆ ಬಾಗಿಲಿನ ಕೆಳಗೆ ಒಂದೂವರೆ ಅಂಗುಲ ದಪ್ಪದ ಮರದ ತುಂಡನ್ನು ಮಲಗಿಸಿ ಪರೀಕ್ಷೆ ಮಾಡಬೇಕೆಂದು ಯಂತ್ರದ ಪುಸ್ತಕದಲ್ಲಿತ್ತು. ಮರದ ತುಂಡು ಸಿಗದೆ ದೇವರ ಮುಂದಿನ ಮಣೆಯನ್ನು ಇಟ್ಟೆ. ಬಾಗಿಲು ಬಂದು ಮಣೆಯನ್ನು ತಾಗಿತು, ತಕ್ಷಣ ಮೇಲೇರಿತು. ಸೊಸೆ ಮಣೆಯನ್ನು ತೊಳೆದು ಒಳಗಿಟ್ಟಳು, ನನ್ನ ಹತ್ತಿರ ಎರಡು ದಿನ ಮಾತು ಕಡಿಮೆ.

ಈಗ ಮೈಸೂರಿಗೆ ಬರುತ್ತೇನೆ. ಜನವರಿಯಲ್ಲಿ ವಾಪಸಾದೆ. ಕುವೆಂಪುನಗರದಲ್ಲಿ ನಾವಿರುವುದು ಇಪ್ಪತ್ತು ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಎರಡು ವರ್ಷದ ಹಿಂದೆ ಕಬ್ಬಿಣದ ಸರಿಯುವ ಗೇಟಿಗೆ ಮೋಟಾರು ಹಾಕಿಸಿದರು. ಕೆಳಗೆ ಹಲ್ಲಿನ ಪಟ್ಟಿ, ಅದನ್ನು ತಿರುಗಿಸುವ ಹಲ್ಲಿನ ಚಕ್ರ, ಎರಡು ಕಂಬಗಳಲ್ಲಿ ಎರಡು ಫೋಟೋಸೆಲ್, ಅಂದರೆ ಅದೇ ಕಿರಣದ ಕಣ್ಣುಗಳು. ಕಾವಲುಗಾರನ ಕೈಯಲ್ಲಿ ಒಂದು ರಿಮೋಟು, ಕಾರಿದ್ದವರ ಕೈಯಲ್ಲಿ ಒಂದೊಂದು.

ಬೆಳಗ್ಗೆ ಐದೂಮುಕ್ಕಾಲಕ್ಕೆ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡಲು ಒಬ್ಬ ಹೆಣ್ಣುಮಗಳು ಬರುತ್ತಾರೆ. ನಾಲ್ಕು ಮನೆಗಳಲ್ಲಿ ಪಾತ್ರೆಯ ಕೆಲಸವನ್ನೂ ಮಾಡುತ್ತಾರೆ. ರಂಗೋಲಿ ಬಿಡುವವರು ಎಲ್ಲಿ ಕೂರುತ್ತಾರೆ? ಹೊಸ್ತಿಲಿನಲ್ಲಿ. ಗೇಟಿನ ಹೊಸ್ತಿಲು ಎಂದರೆ ಗೇಟು ಓಡುವ ಹಳಿ. ಫೆಬ್ರುವರಿಯ ಒಂದು ಬೆಳಗ್ಗೆ ಅವರು ತಲೆ ಬಗ್ಗಿಸಿ ಚುಕ್ಕಿ ಇಡುತ್ತಿದ್ದಾಗ, ವಿಮಾನ ನಿಲ್ದಾಣಕ್ಕೆ ಹೊರಟ ಯಾರೋ ಕಾರು ದಾಟಿಸಿ, ಹಿಂದಿರುಗಿ ನೋಡದೆ ರಿಮೋಟು ಒತ್ತಿದ್ದಾರೆ. ಗೇಟು ಬಂದು ಅವರ ಭುಜಕ್ಕೆ ತಾಗಿತು. ನಿಲ್ಲಲಿಲ್ಲ. ತಳ್ಳಿಕೊಂಡೇ ಹೋಯಿತು. ಕಾವಲುಗಾರ ಓಡಿ ಬಂದು ಎಳೆದುಕೊಂಡದ್ದರಿಂದ ಮಣಿಕಟ್ಟು ಬಾತು, ಬಳೆ ಒಡೆದು, ಮೊಣಕೈ ತರಚಿ ಉಳಿದರು. ಇನ್ನೊಂದು ಅಡಿ ಹೋಗಿದ್ದರೆ ಕಂಬಕ್ಕೂ ಗೇಟಿಗೂ ನಡುವೆ ಎದೆ ಸಿಕ್ಕಿಕೊಳ್ಳುತ್ತಿತ್ತು.

ಅಂದು ಸಂಜೆ ಸಂಘದವರು ಹೇಳಿದ ಮಾತು: ‘ಅವರು ನೋಡಿಕೊಳ್ಳಬೇಕಿತ್ತು.’ ನೋಡಿಕೊಳ್ಳಲೆಂದೇ ಎರಡು ಕಣ್ಣುಗಳನ್ನು ದುಡ್ಡು ಕೊಟ್ಟು ಕಂಬಕ್ಕೆ ಕೂರಿಸಿದ್ದೀರಲ್ಲ, ಅವು ಏನು ಮಾಡುತ್ತಿದ್ದವು ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ನಾನೇ ಹೋಗಿ ಕಂಬದ ಮುಂದೆ ಕೂತೆ. ಒಂದು ಫೋಟೋಸೆಲ್ಲಿನ ಮೇಲೆ ಕಪ್ಪು ಟೇಪು ಸುತ್ತಿತ್ತು. ಹಾಗಿದ್ದರೆ ಕಿರಣ ಕಟ್ಟಾಗಿ ಗೇಟು ಮುಚ್ಚಲೇಬಾರದು. ಮುಚ್ಚುತ್ತಿದೆ ಎಂದರೆ ಒಳಗೆ ಏನೋ ಮಾಡಿದ್ದಾರೆ. ಮರುದಿನ ರಿಪೇರಿಯ ಹುಡುಗನನ್ನು ಕರೆಸಿ ಮೋಟಾರಿನ ಮುಚ್ಚಳ ತೆಗೆಸಿದೆ. ಫೋಟೋಸೆಲ್ಲಿನ ವೈರು ಬರಬೇಕಾದ ಎರಡು ಸ್ಕ್ರೂಗಳ ನಡುವೆ ಅರ್ಧ ಬೆರಳಿನುದ್ದದ ಕೆಂಪು ವೈರಿನ ತುಂಡು. ‘ಬೈಪಾಸ್ ಮಾಡಿದ್ದೇವೆ ಮೇಡಂ. ಪದೇ ಪದೇ ನಿಲ್ಲುತ್ತಿದೆ ಎಂದು ದೂರು ಬರುತ್ತಿತ್ತು’ ಎಂದ. ಆ ವೈರು ಗೇಟಿಗೆ ಇಪ್ಪತ್ತನಾಲ್ಕು ಗಂಟೆಯೂ ಹೇಳುತ್ತಿರುತ್ತದೆ: ದಾರಿ ತೆರವಾಗಿದೆ, ಯಾರೂ ಇಲ್ಲ, ಹೋಗು. ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ದೂರು ಕೊಟ್ಟವರು ನಿಲ್ಲದ ಗೇಟು ಕೇಳಿದ್ದರು, ಅವನು ಕೊಟ್ಟಿದ್ದ.

ಪದೇ ಪದೇ ಏಕೆ ನಿಲ್ಲುತ್ತಿತ್ತು? ಟೇಪು ಬಿಚ್ಚಿದರೆ ಫೋಟೋಸೆಲ್ಲಿನ ಮುಖಕ್ಕೆ ಅರ್ಧ ಮುಚ್ಚುವಂತೆ ಮಣ್ಣಿನ ಗೂಡು. ಕಣಜ ಕಟ್ಟಿದ್ದು. ಅದನ್ನು ಕೆರೆದು ಒದ್ದೆ ಬಟ್ಟೆಯಿಂದ ಒರೆಸಲು ನಾಲ್ಕು ನಿಮಿಷ ಹಿಡಿಯಿತು. ಆಮೇಲೂ ಗಾಳಿ ಬಂದಾಗ ಗೇಟು ಅನುಮಾನಿಸುತ್ತಿತ್ತು. ನೋಡಿದರೆ ಕಾಂಪೌಂಡಿನ ಪಕ್ಕದ ದಾಸವಾಳದ ಒಂದು ಕೊಂಬೆ ಕಿರಣದ ದಾರಿಗೆ ತೂಗಾಡುತ್ತಿದೆ. ಕತ್ತರಿಸಿದೆವು. ಕಿರಣ ಬರುತ್ತಿದೆಯೋ ಇಲ್ಲವೋ ಎಂದು ನೋಡಲು ಉಪಕರಣವೇನೂ ಬೇಡ, ಮೊಬೈಲಿನ ಕ್ಯಾಮೆರಾ ತೆರೆದು ಕಳುಹಿಸುವ ಕಣ್ಣಿಗೆ ಹಿಡಿದರೆ ಹಲವು ಫೋನುಗಳಲ್ಲಿ ಮಸುಕು ನೇರಳೆ ಚುಕ್ಕಿ ಕಾಣುತ್ತದೆ; ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿಯದರಲ್ಲಿ ನೋಡಿ. ಮುಚ್ಚಳದೊಳಗೆ ಒಂದು ಒಣಗಿದ ಹಲ್ಲಿಯೂ ಇತ್ತು. ವೈರು ಹೋಗುವ ತೂತನ್ನು ಸರಿಯಾಗಿ ಮುಚ್ಚಿರಲಿಲ್ಲ. ಅದಕ್ಕೆ ಪುಟ್ಟಿ ತುಂಬಿಸಿದೆವು. ಒಟ್ಟು ಖರ್ಚು ರಿಪೇರಿಯ ಹುಡುಗನ ಐನೂರು ರೂಪಾಯಿ.

ಇಲ್ಲಿಗೆ ಮುಗಿಯಲಿಲ್ಲ. ಕಣ್ಣು ಸರಿಯಾದ ಮೇಲೆ ನಾನೇ ಹಳಿಯ ಮೇಲೆ ರಂಗೋಲಿ ಬಿಡುವ ಹಾಗೆ ಕೂತು, ಕಾವಲುಗಾರನಿಗೆ ರಿಮೋಟು ಒತ್ತಲು ಹೇಳಿದೆ. ಗೇಟು ಬರತೊಡಗಿತು! ನಾನು ಎದ್ದು ಸರಿದೆ, ಅರವತ್ತೆಂಟರ ಮೊಣಕಾಲು ಅಷ್ಟು ಚುರುಕಾದದ್ದು ಇತ್ತೀಚೆಗೆ ನೆನಪಿಲ್ಲ. ಕಾರಣ ಆಮೇಲೆ ಹೊಳೆಯಿತು. ನಮ್ಮ ಫೋಟೋಸೆಲ್ ಇರುವುದು ನೆಲದಿಂದ ಮೂರು ಅಡಿ ಮೇಲೆ. ಕಾರನ್ನು ನೋಡಲು ಇಟ್ಟ ಕಣ್ಣು ಅದು. ಕೂತವರು, ಚೆಂಡು ಹೆಕ್ಕಲು ಬಗ್ಗಿದ ಮಕ್ಕಳು, ಮಲಗಿದ ನಾಯಿ ಅದಕ್ಕೆ ಕಾಣುವುದೇ ಇಲ್ಲ. ಅಮೆರಿಕದಲ್ಲಿ ಆರು ಅಂಗುಲ ಎಂದು ಬರೆದಿಟ್ಟದ್ದರ ಅರ್ಥ ನನಗೆ ಪೂರ್ತಿ ಆದದ್ದು ಆ ಹಳಿಯ ಮೇಲೆ.

ಕೆಳಗೆ ಇನ್ನೊಂದು ಜೋಡಿ ಹಾಕಿ ಎಂದು ಸಭೆಯಲ್ಲಿ ಹೇಳಿದೆ. ರಿಪೇರಿಯವನು ಹೇಳಿದ ಬೆಲೆ ಎರಡು ಸಾವಿರದ ಇನ್ನೂರು, ಕೂಲಿ ಬೇರೆ. ಇಪ್ಪತ್ತು ಮನೆಗೆ ಹಂಚಿದರೆ ಒಂದು ಮಸಾಲೆ ದೋಸೆ, ಒಂದು ಕಾಫಿ. ತರಗೆಲೆ ಹಾರಿದರೂ ಗೇಟು ನಿಲ್ಲುತ್ತದೆ ಎಂದು ಒಬ್ಬರು ಆಕ್ಷೇಪಿಸಿದರು. ನಿಲ್ಲುತ್ತದೆ, ನಿಜ. ಗುಡಿಸಿದರೆ ಕಡಿಮೆಯಾಗುತ್ತದೆ. ಜೊತೆಗೆ ಏನಾದರೂ ತಾಗಿದ ಕೂಡಲೇ ಗೇಟು ಹಿಂದೆ ಸರಿಯಬೇಕಾದ ಗುಣ ನಮ್ಮ ಮೋಟಾರಿನಲ್ಲೂ ಇದೆ. ಅದರ ಬಲವನ್ನು ಗರಿಷ್ಠಕ್ಕೆ ತಿರುಗಿಸಿಟ್ಟಿದ್ದರು, ಹಳಿಯಲ್ಲಿ ಜಲ್ಲಿ ತುಂಬಿ ಗೇಟು ಬಿಗಿಯಾಗಿತ್ತಂತೆ. ಜಲ್ಲಿ ತೆಗೆಯುವ ಬದಲು ಬಲ ಹೆಚ್ಚಿಸಿದ್ದಾರೆ. ಹಳಿ ಗುಡಿಸಿ, ಚಕ್ರಕ್ಕೆ ಗ್ರೀಸು ಹಚ್ಚಿ, ಬಲ ಇಳಿಸಿದ ಮೇಲೆ ಈಗ ಅಂಗೈ ಅಡ್ಡ ಹಿಡಿದರೂ ನಿಂತು ಹಿಂದೆ ಹೋಗುತ್ತದೆ.

ನಮ್ಮ ಲಿಫ್ಟಿನ ಒಳಗೆ ಪರವಾನಗಿ ಪತ್ರ ಅಂಟಿಸಿದೆ. ಲಿಫ್ಟುಗಳಿಗೆಂದೇ ಕರ್ನಾಟಕದಲ್ಲಿ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದವರು ಬಂದು ನೋಡಿ ಹೋಗುತ್ತಾರೆ. ಆ ಲಿಫ್ಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನೂರು ಕಿಲೋದ ಕಬ್ಬಿಣ ದಿನಕ್ಕೆ ನೂರು ಸಲ ಓಡಾಡುತ್ತದೆ, ಎರಡು ವರ್ಷದಲ್ಲಿ ಅದನ್ನು ನೋಡಲು ಬಂದವರು ಕಣಜ ಮತ್ತು ಹಲ್ಲಿ. ಮೋಟಾರು ಗೇಟುಗಳನ್ನೂ ಇಂಥದೊಂದು ತಪಾಸಣೆಗೆ ಒಳಪಡಿಸಬೇಕು. ಕಡೇ ಪಕ್ಷ ಗೇಟು ಹಾಕುವವರು ಕೆಳಗಿನ ಕಣ್ಣನ್ನು ಹಾಕದೆ ಕೆಲಸ ಮುಗಿಯಿತೆಂದು ಬಿಲ್ಲು ಕೊಡಬಾರದು. ಇದನ್ನು ಸಂಬಂಧಪಟ್ಟವರ ಗಮನಕ್ಕೆ ತರಬೇಕೆಂದು ಪತ್ರಿಕೆಯನ್ನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ಕರೆಂಟು ಹೋದಾಗ ಗೇಟನ್ನು ಕೈಯಿಂದ ಸರಿಸಲು ಮೋಟಾರಿನಲ್ಲಿ ಒಂದು ಬೀಗದ ಕೈ ಇರುತ್ತದೆ. ನಮ್ಮದು ಕಾರ್ಯದರ್ಶಿಗಳ ಮನೆಯ ಟೇಬಲ್ ಡ್ರಾಯರಿನಲ್ಲಿತ್ತು, ಅವರು ಊರಿನಲ್ಲಿರಲಿಲ್ಲ. ಈಗ ಕಾವಲುಗಾರನ ಕೋಣೆಯ ಮೊಳೆಗೆ ತೂಗುಹಾಕಿದ್ದೇವೆ. ಕ್ಯಾಲಿಫೋರ್ನಿಯಾದಲ್ಲಿ 2017ರ ಕಾಡ್ಗಿಚ್ಚಿನ ವೇಳೆ ವಿದ್ಯುತ್ತಿಲ್ಲದೆ ಕೊಟ್ಟಿಗೆಯ ಬಾಗಿಲು ತೆರೆಯಲಾಗದೆ ಜನ ಒಳಗೇ ಸಿಕ್ಕಿಕೊಂಡ ಮೇಲೆ, 2019ರ ಜುಲೈ 1ರಿಂದ ಹೊಸ ಯಂತ್ರಗಳಿಗೆ ಬ್ಯಾಟರಿಯನ್ನು ಕಡ್ಡಾಯ ಮಾಡಿದ್ದಾರೆ. ನಮಗೆ ಸದ್ಯಕ್ಕೆ ಮೊಳೆ ಸಾಕು.

ಕೆಳಗಿನ ಕಣ್ಣಿನ ವಿಷಯವನ್ನು ಸಂಘ ಮುಂದಿನ ಸಭೆಗೆ ಮುಂದೂಡಿದೆ. ಅಲ್ಲಿಯವರೆಗೆ ಬೆಳಗ್ಗೆ ಐದೂಮುಕ್ಕಾಲರಿಂದ ಆರೂಕಾಲರವರೆಗೆ ಮೋಟಾರಿನ ಸ್ವಿಚ್ಚು ಆರಿಸಿರಬೇಕೆಂದು ಕಾವಲುಗಾರನಿಗೆ ಹೇಳಿದ್ದೇನೆ. ರಂಗೋಲಿ ಬಿಡುವವರು ಕೈ ವಾಸಿಯಾಗಿ ಮತ್ತೆ ಬರುತ್ತಿದ್ದಾರೆ, ಈಗ ಹಳಿಯಿಂದ ಎರಡು ಅಡಿ ಹೊರಗೆ ಕೂರುತ್ತಾರೆ. ‘ಕರೆಂಟು ಇಲ್ಲ, ಆರಾಮವಾಗಿ ಕೂತುಕೊಳ್ಳಿ’ ಎಂದರೆ, ‘ಇರಲಿ ಬಿಡಿ ಅಮ್ಮ’ ಎನ್ನುತ್ತಾರೆ.

ಕಳೆದ ವಾರ ಪತ್ರ ಬರೆದವರಿಗೆ ನನ್ನದೊಂದು ಕೋರಿಕೆ. ಕಿತ್ತು ಹಾಕಿದ ಸೆನ್ಸರನ್ನು ಎಸೆಯಬೇಡಿ. ಮೊದಲಿದ್ದ ಜಾಗದಲ್ಲೇ ಕೂರಿಸಿ, ಹತ್ತು ದಿನ ಗೇಟು ನಿಂತ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗೇಟು ಯಾವ ದಿಕ್ಕಿಗೆ ಮುಖ ಮಾಡಿದೆ, ಮಳೆ ಇತ್ತೋ ಬಿಸಿಲಿತ್ತೋ, ಹತ್ತಿರ ಗಿಡವಿದೆಯೋ, ಇಷ್ಟನ್ನು ಇದೇ ಅಂಕಣಕ್ಕೆ ಬರೆದರೆ ಎಲ್ಲಿ ತೊಂದರೆ ಎಂದು ನನಗೆ ತೋಚಿದ್ದನ್ನು ಖಂಡಿತ ತಿಳಿಸುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಕುವೆಂಪುನಗರ, ಮೈಸೂರು